ಮೊದಲು ಗುರುತು, ಆಮೇಲೆ ಚಿತ್ರ: ಊರಾಚೆಯ ಹಕ್ಕಿಗಳನ್ನು ಕಾಣುವ ಕ್ರಮ

ಹೊಲದ ಬದು, ಕೆರೆಯಂಗಳ, ಕುರುಚಲು ಕಾಡುಗಳಲ್ಲಿ ಹಕ್ಕಿಗಳ ಚಿತ್ರ ತೆಗೆಯಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಕ್ಯಾಮೆರಾದ ಬಗ್ಗೆ. ಆದರೆ ಎದುರಿಗಿರುವ ಹಕ್ಕಿ ಯಾವುದು, ಅದು ಎಲ್ಲಿ ಕೂರುತ್ತದೆ, ಏನು ತಿನ್ನುತ್ತದೆ, ಯಾವಾಗ ಬೆದರುತ್ತದೆ ಎಂಬುದು ತಿಳಿಯದಿದ್ದರೆ ಎಷ್ಟು ದೊಡ್ಡ ಲೆನ್ಸ್ ಹಿಡಿದರೂ ಸಿಗುವುದು ಹಾರಿಹೋಗುತ್ತಿರುವ ಹಕ್ಕಿಯ ಬೆನ್ನು ಮಾತ್ರ. ಆದ್ದರಿಂದ ಆರಂಭದ ಕೆಲವು ವಾರ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು, ಒಂದು ದುರ್ಬೀನು ಮತ್ತು ಸಣ್ಣ ಟಿಪ್ಪಣಿ ಪುಸ್ತಕದೊಂದಿಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ದುರ್ಬೀನಿನ ಮೇಲೆ 8×42 ಎಂದು ಬರೆದಿದ್ದರೆ ಅದು ದೃಶ್ಯವನ್ನು ಎಂಟು ಪಟ್ಟು ಹಿಗ್ಗಿಸುತ್ತದೆ, ಅದರ ಮುಂದಿನ ಮಸೂರದ ವ್ಯಾಸ 42 ಮಿಲಿಮೀಟರ್ ಎಂದರ್ಥ. ಹತ್ತು ಪಟ್ಟು ಹಿಗ್ಗಿಸುವುದು ಇನ್ನೂ ಒಳ್ಳೆಯದೆಂದು ತೋರಬಹುದು, ಆದರೆ ಅದರಲ್ಲಿ ಕೈಯ ನಡುಕವೂ ಹಿಗ್ಗುತ್ತದೆ, ಕಾಣುವ ಹರವೂ ಸಾಮಾನ್ಯವಾಗಿ ಕಿರಿದಾಗುತ್ತದೆ. ಹೊಸಬರಿಗೆ ಎಂಟೇ ಅನುಕೂಲ. ಹಕ್ಕಿಯನ್ನು ಮೊದಲು ಬರಿಗಣ್ಣಿನಿಂದ ಕಂಡು, ನೋಟವನ್ನು ಅಲ್ಲಿಂದ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತಂದುಕೊಳ್ಳುವುದನ್ನು ರೂಢಿಸಿಕೊಂಡರೆ ಕೊಂಬೆಗಳ ನಡುವೆ ಹುಡುಕಾಡುವ ಪಾಡು ತಪ್ಪುತ್ತದೆ.

ಬಣ್ಣವನ್ನು ಕೊನೆಗೆ ನೋಡಿ

ಹಕ್ಕಿಯನ್ನು ಗುರುತಿಸಲು ಎಲ್ಲರೂ ನೆಚ್ಚುವುದು ಬಣ್ಣವನ್ನು, ಹೆಚ್ಚು ಮೋಸ ಮಾಡುವುದೂ ಅದೇ. ಬಿಸಿಲಿನಲ್ಲಿ ನೇರಳೆ, ನೀಲಿಯಾಗಿ ಹೊಳೆಯುವ ಗಂಡು ಸೂರಕ್ಕಿ ನೆರಳಿನಲ್ಲಿ ಬರಿಯ ಕಪ್ಪಾಗಿ ಕಾಣುತ್ತದೆ. ಗಂಡು ಕೋಗಿಲೆ ಕಪ್ಪಾದರೆ, ಹೆಣ್ಣು ಕಂದು ಮೈಯ ಮೇಲೆ ಬಿಳಿಯ ಚುಕ್ಕೆಗಳನ್ನು ಹೊತ್ತು ಬೇರೆಯೇ ಜಾತಿಯಂತೆ ತೋರುತ್ತದೆ. ಆದ್ದರಿಂದ ಮೊದಲು ಗಾತ್ರವನ್ನು ಗಮನಿಸಬೇಕು: ಅದು ಗುಬ್ಬಚ್ಚಿಯಷ್ಟಿದೆಯೇ, ಗೊರವಂಕದಷ್ಟಿದೆಯೇ, ಕಾಗೆಯಷ್ಟಿದೆಯೇ? ಬಳಿಕ ಮೈಕಟ್ಟು, ಬಾಲದ ಉದ್ದ ಮತ್ತು ಕೊಕ್ಕು. ಮೊಂಡಾದ, ದಪ್ಪ ಕೊಕ್ಕು ಕಾಳು ಒಡೆಯುವ ಹಕ್ಕಿಯದು. ತುದಿ ಬಾಗಿ ಕೊಕ್ಕೆಯಾಗಿದ್ದರೆ ಮಾಂಸ ಹರಿಯುವುದಕ್ಕೆ. ಸಪೂರವಾಗಿ ಕೆಳಬಾಗಿದ್ದರೆ ಹೂವಿನ ಮಕರಂದಕ್ಕೆ. ನಂತರ ನಡವಳಿಕೆ: ಕಾಜಾಣ ಬಯಲಿನ ತಂತಿಯ ಮೇಲೆ ಕುಳಿತು, ಹುಳುವಿನ ಮೇಲೆರಗಿ, ಹೆಚ್ಚಾಗಿ ಮೊದಲಿನ ಜಾಗಕ್ಕೇ ಮರಳುತ್ತದೆ, ಮರಕುಟಿಗ ಗಾಳಿಯಲ್ಲಿ ಏರುತ್ತ ಇಳಿಯುತ್ತ ಅಲೆಯಂತೆ ಹಾರುತ್ತದೆ.

ಈ ಕ್ರಮವನ್ನು ಕಲಿಯಲು ಬೆಳ್ಳಕ್ಕಿಗಳಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ, ಏಕೆಂದರೆ ಅಲ್ಲಿ ಬಣ್ಣ ಏನನ್ನೂ ಹೇಳುವುದಿಲ್ಲ, ಎಲ್ಲವೂ ಬಿಳಿ. ದನಗಳ ಹಿಂದೆ ನಡೆಯುತ್ತ, ಅವುಗಳ ಕಾಲ್ತುಳಿತಕ್ಕೆ ಏಳುವ ಕೀಟಗಳನ್ನು ಹಿಡಿಯುವ ಗೋವಕ್ಕಿಯದು ಗಿಡ್ಡ ಕುತ್ತಿಗೆ, ಹಳದಿಯ ಮೊಟಕು ಕೊಕ್ಕು. ಸಂತಾನೋತ್ಪತ್ತಿಯ ಕಾಲದಲ್ಲಿ ಮಾತ್ರ ಅದರ ತಲೆ ಮತ್ತು ಕುತ್ತಿಗೆಗೆ ಕೇಸರಿ ಛಾಯೆ ಬರುತ್ತದೆ. ನೀರಿನಲ್ಲಿ ಓಡಾಡುತ್ತ ಮೀನು ಹಿಡಿಯುವ ಸಣ್ಣ ಬೆಳ್ಳಕ್ಕಿಯದು ಕಪ್ಪು ಕೊಕ್ಕು, ಕಪ್ಪು ಕಾಲು, ಆದರೆ ಪಾದಗಳು ಹಳದಿ. ಅದು ಕಾಲನ್ನು ನೀರಿನಿಂದ ಎತ್ತುವವರೆಗೆ ಕಾದರೆ ಸಂಶಯ ಉಳಿಯುವುದಿಲ್ಲ. ದೊಡ್ಡ ಬೆಳ್ಳಕ್ಕಿಯ ಕೊಕ್ಕು ಕಾಲಕ್ಕೆ ತಕ್ಕಂತೆ ಹಳದಿಯೂ ಆಗಿರಬಹುದು, ಕಪ್ಪೂ ಆಗಿರಬಹುದು. ಅದರ ಖಚಿತ ಗುರುತು ಬಾಯಿಯ ಗೆರೆ, ಅದು ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ. ಮಧ್ಯಮ ಗಾತ್ರದ ಬೆಳ್ಳಕ್ಕಿಯಲ್ಲಿ ಈ ಗೆರೆ ಕಣ್ಣಿನ ಕೆಳಗೇ ನಿಲ್ಲುತ್ತದೆ. ಆಕಾಶದಲ್ಲಿ ಸುತ್ತುವ ಹಕ್ಕಿಗಳಿಗೂ ಇಂಥದೇ ಗುರುತುಗಳಿವೆ: ಹದ್ದಿನ ಬಾಲದ ತುದಿ ಕವಲೊಡೆದಿರುತ್ತದೆ, ಗರುಡನದು ದುಂಡಗಿರುತ್ತದೆ.

ಕಂಡದ್ದನ್ನು ಅಲ್ಲಿಯೇ ಬರೆದುಕೊಳ್ಳಬೇಕು. ದಿನಾಂಕ, ವೇಳೆ, ಜಾಗ, ಹಕ್ಕಿ ಮಾಡುತ್ತಿದ್ದ ಕೆಲಸ, ಕೂಗಿನ ಧಾಟಿ ಇಷ್ಟು ಸಾಕು. ಮೊದಲು ಬರೆದು ಆಮೇಲೆ ಕೈಪಿಡಿ ತೆರೆಯಿರಿ. ಪುಸ್ತಕದ ಚಿತ್ರವನ್ನು ಮೊದಲೇ ನೋಡಿದರೆ ಕಾಣದ ಗುರುತೂ ಕಂಡಂತೆ ನೆನಪಾಗಿಬಿಡುತ್ತದೆ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಚಿತ್ರದಿಂದಲೂ ಕೂಗಿನಿಂದಲೂ ಹೆಸರನ್ನು ಸೂಚಿಸುತ್ತದೆ. ಅದನ್ನು ಸೂಚನೆಯೆಂದಷ್ಟೇ ಪರಿಗಣಿಸಿ, ನಿಮ್ಮ ಟಿಪ್ಪಣಿಯೊಂದಿಗೆ ತಾಳೆ ನೋಡುವುದು ಅಗತ್ಯ.

ಕ್ಯಾಮೆರಾ ಕೈಗೆತ್ತಿಕೊಂಡಾಗ

ದೂರದ ಹಕ್ಕಿಗೆ 300ರಿಂದ 400 ಮಿಲಿಮೀಟರಿನ ಲೆನ್ಸ್ ಬೇಕಾಗುತ್ತದೆ. ಹೆಚ್ಚು ಜೂಮ್ ಇರುವ ಸಣ್ಣ ಕ್ಯಾಮೆರಾಗಳಿಂದಲೂ ಗುರುತಿಗೆ ಸಾಲುವಂಥ ಚಿತ್ರ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಷಟರ್ ವೇಗ, ಅಂದರೆ ಕ್ಯಾಮೆರಾ ಬೆಳಕನ್ನು ಒಳಗೆ ಬಿಡುವ ಅವಧಿ. ಸುಮ್ಮನೆ ಕುಳಿತ ಹಕ್ಕಿಗೆ ಸೆಕೆಂಡಿನ 1/500 ಭಾಗ ಸಾಮಾನ್ಯವಾಗಿ ಸಾಕಾದರೆ, ಹಾರುವ ಹಕ್ಕಿಗೆ 1/2000 ಅಥವಾ ಅದಕ್ಕಿಂತ ವೇಗ ಇಟ್ಟುಕೊಳ್ಳಬೇಕು. ಬೆಳಕು ಸಾಲದಿದ್ದರೆ, ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂದು ನಿಗದಿಪಡಿಸುವ ಐಎಸ್‌ಒ ಏರಿಸಲು ಹಿಂಜರಿಯಬಾರದು, ಏಕೆಂದರೆ ಚಿತ್ರದಲ್ಲಿ ಸೇರುವ ಕಾಳುಕಾಳನ್ನು ಆಮೇಲೆ ತಗ್ಗಿಸಬಹುದು, ಅಲುಗಿ ಮಸುಕಾದ ಚಿತ್ರವನ್ನು ಸರಿಪಡಿಸುವುದು ಕಷ್ಟ. ಫೋಕಸ್ ಯಾವಾಗಲೂ ಹಕ್ಕಿಯ ಕಣ್ಣಿನ ಮೇಲಿರಲಿ.

ಕಪ್ಪು ಹಿನ್ನೆಲೆಯೆದುರಿನ ಬೆಳ್ಳಕ್ಕಿಯನ್ನು ಕ್ಯಾಮೆರಾ ಅತಿಯಾಗಿ ಬೆಳಗಿಸಿ, ಗರಿಗಳ ಎಳೆಗಳನ್ನೇ ಅಳಿಸಿಬಿಡುತ್ತದೆ. ಅಂಥ ಸಂದರ್ಭದಲ್ಲಿ ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಬೇಕು. ಬೆಳಗುವ ಆಕಾಶದೆದುರಿನ ಕಾಜಾಣಕ್ಕೆ ಒಂದು ಸ್ಟಾಪಿನಷ್ಟು ಏರಿಸಬೇಕು.

ಸೂರ್ಯ ನಿಮ್ಮ ಬೆನ್ನ ಹಿಂದಿರುವ ಬೆಳಗಿನ ಮೊದಲ ಎರಡು ಗಂಟೆ ಬೆಳಕಿಗೂ ಹಕ್ಕಿಗಳ ಓಡಾಟಕ್ಕೂ ಶ್ರೇಷ್ಠವಾದ ಹೊತ್ತು. ನಡುಹಗಲಿನಲ್ಲಿ ಕಾದ ನೆಲದಿಂದೇಳುವ ಬಿಸಿಗಾಳಿ ದೃಶ್ಯವನ್ನು ನಡುಗಿಸುವುದರಿಂದ, ದೂರದ ಹಕ್ಕಿಯ ಚಿತ್ರ ಎಂಥ ಲೆನ್ಸಿನಲ್ಲೂ ಮಸುಕಾಗುತ್ತದೆ. ಗಾಳಿಯ ದಿಕ್ಕನ್ನೂ ನೋಡಿಕೊಳ್ಳಿ: ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆದುರಾಗಿ ಮೇಲೇಳುತ್ತವೆ, ಆದ್ದರಿಂದ ಗಾಳಿ ನಿಮ್ಮ ಬೆನ್ನಿಗೆ ಬಡಿಯುತ್ತಿದ್ದರೆ ಹಕ್ಕಿ ನಿಮ್ಮ ಕಡೆಗೇ ಮುಖ ಮಾಡಿ ಏಳುವ ಸಂಭವ ಹೆಚ್ಚು. ಸಾಧ್ಯವಾದಾಗ ನೆಲಕ್ಕೆ ಕುಳಿತು, ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದರೆ ಹಿನ್ನೆಲೆ ದೂರ ಸರಿದು ತಿಳಿಯಾಗುತ್ತದೆ. ಮೊದಲ ಒಂದೆರಡು ಚಿತ್ರ ದೂರದಿಂದಲೇ ಗುರುತಿಗಾಗಿ ತೆಗೆದಿಟ್ಟುಕೊಂಡು, ಆಮೇಲೆ ಪಕ್ಕೆ, ಬೆನ್ನು, ಬಿಚ್ಚಿದ ರೆಕ್ಕೆಯ ಅಡಿ, ಬಾಲ ಇವುಗಳಿಗಾಗಿ ಕಾಯಬೇಕು. ಅಂದವಾದ ಒಂದು ಭಂಗಿಗಿಂತ ಈ ನಾಲ್ಕು ನೋಟಗಳು ಗುರುತಿಗೆ ಹೆಚ್ಚು ನೆರವಾಗುತ್ತವೆ.

ಸಮೀಪಿಸುವ ಬಗೆಯನ್ನು ಇನ್ನಷ್ಟು ಒತ್ತಿ ಹೇಳಬೇಕು. ನೇರವಾಗಿ ಹಕ್ಕಿಯತ್ತ ನಡೆಯದೆ, ಓರೆಯಾಗಿ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ ಸಾಗಬೇಕು. ಮೇಯುವುದನ್ನು ಬಿಟ್ಟು ಕುತ್ತಿಗೆ ನೀಳವಾಗಿಸಿ ನಿಮ್ಮನ್ನೇ ದಿಟ್ಟಿಸಿದರೆ ಹಕ್ಕಿಗೆ ಇರಸುಮುರುಸಾಗಿದೆ ಎಂದು ತಿಳಿದು ಅಲ್ಲಿಯೇ ನಿಲ್ಲಬೇಕು. ಆದರೂ ಅದು ಮೇಯಲು ತೊಡಗದಿದ್ದರೆ ಹಿಂದೆ ಸರಿಯಬೇಕು. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಎಡೆಬಿಡದೆ ಕೂಗುತ್ತಿದ್ದರೆ ಅದರ ಮೊಟ್ಟೆಯೋ ಮರಿಯೋ ಹತ್ತಿರದಲ್ಲೇ ಇರಬಹುದು. ಅದು ಮೊಟ್ಟೆಯಿಡುವುದು ಬರಿ ನೆಲದ ಮೇಲೆ, ಕಲ್ಲುಮಣ್ಣಿನ ಬಣ್ಣದ ಮೊಟ್ಟೆಗಳು ಕಾಲಡಿ ಬಂದರೂ ಕಾಣುವುದಿಲ್ಲ. ಬಂದ ದಾರಿಯಲ್ಲೇ, ನೆಲ ನೋಡುತ್ತ ಹಿಂದಿರುಗಬೇಕು. ಗೂಡಿನ ಚಿತ್ರಕ್ಕಾಗಿ ಮರೆಯಾಗಿರುವ ಕೊಂಬೆ ಕತ್ತರಿಸುವುದು ಮರಿಗಳನ್ನು ಬಿಸಿಲಿಗೂ ಕಾಗೆಗೂ ಒಪ್ಪಿಸಿದಂತೆ. ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಕರೆಯುವುದೂ ಸಲ್ಲದು, ಇಲ್ಲದ ಎದುರಾಳಿಯನ್ನು ಓಡಿಸಲು ಅದು ಮೇವು ಮರೆತು ದಣಿಯುತ್ತದೆ.

ಮನೆಗೆ ಬಂದ ದಿನವೇ ಚಿತ್ರಗಳನ್ನು ಟಿಪ್ಪಣಿಯೊಂದಿಗೆ ಜೋಡಿಸಿ, ದಿನಾಂಕ ಮತ್ತು ಜಾಗ ಸೇರಿಸಿ ಇಡಿ. ಹಕ್ಕಿ ಕಂಡವರು ತಮ್ಮ ದಾಖಲೆಗಳನ್ನು ಸೇರಿಸುವ, 2002ರಲ್ಲಿ ಆರಂಭವಾದ ಇಬರ್ಡ್ ಜಾಲತಾಣಕ್ಕೆ ಕಂಡ ಹಕ್ಕಿಗಳ ಪಟ್ಟಿ ಸಲ್ಲಿಸಿದರೆ ನಿಮ್ಮ ದಾಖಲೆ ಸಂಶೋಧಕರಿಗೂ ಒದಗುತ್ತದೆ, ಆದರೆ ಗೂಡಿನ ನಿಖರ ಜಾಗವನ್ನು ಎಲ್ಲಿಯೂ ಬಹಿರಂಗಪಡಿಸಬೇಡಿ. ಜಾತಿ ಖಚಿತವಾಗದ ಹಕ್ಕಿಯನ್ನು ಊಹೆಯ ಹೆಸರಿನಲ್ಲಿ ಬರೆಯುವ ಬದಲು ‘ಬೆಳ್ಳಕ್ಕಿ, ಜಾತಿ ತಿಳಿಯದು’ ಎಂದು ದಾಖಲಿಸಿ, ಚಿತ್ರವನ್ನು ಅಳಿಸದೆ ಉಳಿಸಿಕೊಳ್ಳಿ.