ಹಾಡಿನ ಸಾಲು ನುಡಿಗಟ್ಟಾಯಿತಾ, ನುಡಿಗಟ್ಟೇ ಹಾಡಾಯಿತಾ? ಪತ್ತೆ ಹಚ್ಚೋದು ಹೀಗೆ

ಇಂಗ್ಲಿಷ್‌ನ ಯಾವುದೋ ಮಾತು ಕಿವಿಗೆ ಬಿದ್ದ ತಕ್ಷಣ "ಇದು ಆ ಹಾಡಿಂದ ಬಂದದ್ದು" ಅಂತ ಯಾರಾದರೂ ಹೇಳಿಬಿಡುತ್ತಾರೆ. ಸುಮ್ನೆ ನಂಬಬೇಡಿ. ಬಹಳ ಸಲ ಕಥೆ ಉಲ್ಟಾ ಇರುತ್ತದೆ, ಜನರ ಬಾಯಲ್ಲಿ ಮೊದಲೇ ಓಡಾಡುತ್ತಿದ್ದ ಮಾತಿಗೆ ಹಾಡು ಬರೀ ರಾಗ ಹಾಕಿರುತ್ತದೆ.

ಮೊದಲು ಹಾಡು ಬಂದ ವರ್ಷ ಬರೆದುಕೊಳ್ಳಿ. ಆಮೇಲೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ತೆಗೆಯಿರಿ. ಅದರಲ್ಲಿ ಪ್ರತಿ ಅರ್ಥದ ಕೆಳಗೆ ಹಳೆಯ ಬಳಕೆಗಳು ವರ್ಷದ ಸಮೇತ ಸಾಲಾಗಿ ಇರುತ್ತವೆ. ಇಡೀ ಮಾತು ಸಿಗದಿದ್ದರೆ ಅದರೊಳಗಿನ ಮುಖ್ಯ ಪದದಡಿ ಹುಡುಕಿ. ಅಲ್ಲಿನ ವರ್ಷ ಹಾಡಿಗಿಂತ ಹಿಂದಿನದಾದರೆ ಕೇಸು ಮುಗಿಯಿತು. ಕ್ವೀನ್ ಅನ್ನುವ ರಾಕ್ ತಂಡ 1980ರಲ್ಲಿ 'ಬೈಟ್ಸ್ ದ ಡಸ್ಟ್' (ಮಣ್ಣು ಮುಕ್ಕುವುದು, ಅಂದರೆ ಸಾಯುವುದು ಅಥವಾ ಸೋಲುವುದು) ಅಂತ ಹಾಡುವ ಹೊತ್ತಿಗೆ ಆ ಮಾತಿಗೆ ಇನ್ನೂರು ವರ್ಷ ದಾಟಿತ್ತು. 'ಸಿಲ್ವರ್ ಲೈನಿಂಗ್' (ಕಷ್ಟದ ನಡುವೆಯೂ ಕಾಣುವ ಭರವಸೆ) ಹೆಸರಲ್ಲಿ 1919ರ ಹಾಡೊಂದಿದೆ, ಆದರೆ ಮೋಡಕ್ಕೆ ಬೆಳ್ಳಿ ಅಂಚು ಕಟ್ಟಿದ್ದು 1634ರಲ್ಲಿ ಇಂಗ್ಲಿಷ್ ಕವಿ ಮಿಲ್ಟನ್.

ಇನ್ನೊಂದು ದಾರಿ ಗೂಗಲ್‌ನ ಎನ್‌ಗ್ರಾಮ್ ವ್ಯೂವರ್, ಒಂದು ಮಾತು ಅಚ್ಚಾದ ಪುಸ್ತಕಗಳಲ್ಲಿ ಯಾವ ವರ್ಷ ಎಷ್ಟು ಬಳಕೆಯಾಗಿದೆ ಅಂತ ಗೆರೆ ಎಳೆದು ತೋರಿಸುವ ಸಾಧನ. ಮಾತನ್ನು ಟೈಪ್ ಮಾಡಿ, ಗೆರೆ ಎಲ್ಲಿ ಜಾಸ್ತಿ ಎತ್ತರ ಇದೆ ಅಂತ ನೋಡಬೇಡಿ, ನೆಲ ಬಿಟ್ಟು ಏಳುವುದು ಯಾವ ವರ್ಷ ಅಂತ ನೋಡಿ. ಇಲ್ಲೊಂದು ಗುಂಡಿ ಇದೆ: ಎಷ್ಟೋ ವರ್ಷ ನಡೆದ ಪತ್ರಿಕೆಯೊಂದರ ಎಲ್ಲಾ ಸಂಚಿಕೆಗಳಿಗೂ ಮೊದಲ ಸಂಚಿಕೆಯ ವರ್ಷವೇ ಅಂಟಿಕೊಂಡಿರುವುದುಂಟು, ಹಾಗಾಗಿ ಹಳೆಯ ಬಳಕೆ ಸಿಕ್ಕಿತು ಅಂತ ಕುಣಿಯುವ ಮೊದಲು ಆ ಪುಟವನ್ನೇ ತೆರೆದು ಓದಿ.

ಮಾತು ಹಾಡಿಗಿಂತ ಹಳೆಯದಲ್ಲ ಅಂತಾದರೂ ಕೆಲಸ ಅರ್ಧ ಮಾತ್ರ ಆಗಿದೆ. ಅದು ನಿಜಕ್ಕೂ ನುಡಿಗಟ್ಟಾಗಿದೆಯಾ? ನನ್ನ ಪರೀಕ್ಷೆ ಸರಳ. ಹಾಡನ್ನೇ ಕೇಳದವರು, ಗುನುಗದೆ, ನಗದೆ, ಗಂಭೀರವಾದ ವಿಷಯಕ್ಕೆ ಆ ಮಾತನ್ನು ಬಳಸುತ್ತಾರಾ ನೋಡಿ. 'ಇಟ್ ಟೇಕ್ಸ್ ಟು ಟು ಟ್ಯಾಂಗೋ' (ಟ್ಯಾಂಗೋ ಅನ್ನುವ ಜೋಡಿ ಕುಣಿತಕ್ಕೆ ಇಬ್ಬರು ಬೇಕು, ಅಂದರೆ ಒಬ್ಬರಿಂದಲೇ ಆಗುವ ಕೆಲಸವಲ್ಲ) ಇದರಲ್ಲಿ ಸಲೀಸಾಗಿ ಪಾಸು. ಅಲ್ ಹಾಫ್‌ಮನ್ ಮತ್ತು ಡಿಕ್ ಮ್ಯಾನಿಂಗ್ ಬರೆದ ಆ ಹಾಡನ್ನು 1952ರಲ್ಲಿ ಪರ್ಲ್ ಬೇಲಿ ಹಾಡಿದರು. ಮೂವತ್ತು ವರ್ಷ ಕಳೆದು 1982ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಅದೇ ಮಾತನ್ನು ಸೋವಿಯತ್ ಒಕ್ಕೂಟದ ಜೊತೆಗಿನ ಸಂಬಂಧದ ಬಗ್ಗೆ ಹೇಳಿದರು. ಅಲ್ಲಿ ಯಾರಿಗೆ ರಾಗ ನೆನಪಾಗಬೇಕು, ಅಲ್ವಾ? ಹಾಗಂತ ಇದೂ ಪೂರ್ತಿ ಹೊಸತಲ್ಲ. ಜಗಳಕ್ಕೆ ಇಬ್ಬರು ಬೇಕು ಅನ್ನುವ ಇಂಗ್ಲಿಷ್ ಗಾದೆ ಮೊದಲೇ ಇತ್ತು. ಅಚ್ಚು ಹಳೆಯದು, ಟ್ಯಾಂಗೋ ಮಾತ್ರ ಹಾಡಿನದು.

ಮಾತು ಬಗ್ಗುತ್ತದಾ, ಅಂದರೆ ರೂಪ ಬದಲಿಸಿ ಬಳಸಿದರೂ ಅರ್ಥ ಉಳಿಯುತ್ತದಾ ಅಂತಲೂ ನೋಡಿ. ರ್‍ಯಾಪ್ ಗಾಯಕ ಎಮಿನೆಮ್‌ನ 2000ದ ಹಾಡಿನಲ್ಲಿ ಸ್ಟಾನ್ ಅಂದರೆ ಹುಚ್ಚು ಅಭಿಮಾನಿಯೊಬ್ಬನ ಹೆಸರು. ಈಗ ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು, ನಿಘಂಟಿನಲ್ಲೂ ಇದೆ. ಇದ್ದ ಹಾಗೇ ಹೇಳಿದರೆ ಮಾತ್ರ ಅರ್ಥವಾಗುವ ಸಾಲು ನುಡಿಗಟ್ಟಲ್ಲ, ಬರೀ ಉಲ್ಲೇಖ. ಹೆಚ್ಚಿನ ಹಾಡಿನ ಸಾಲುಗಳು ಅಲ್ಲಿಗೇ ನಿಲ್ಲುತ್ತವೆ.

ತೀರ್ಪು ಕೊಡುವಾಗ 'ಹುಟ್ಟಿಸಿತು' ಮತ್ತು 'ಹಬ್ಬಿಸಿತು' ಎರಡನ್ನೂ ಬೇರೆ ಇಡಿ. 'ಯೋಲೋ' ('ಯು ಓನ್ಲಿ ಲಿವ್ ಒನ್ಸ್' ಅನ್ನುವುದರ ಚುಟುಕು ರೂಪ) ಎಲ್ಲರ ಬಾಯಿಗೆ ಬಂದದ್ದು ರ್‍ಯಾಪ್ ಗಾಯಕ ಡ್ರೇಕ್‌ನ 2011ರ ಹಾಡಿನಿಂದ, ಆದರೆ ಬದುಕೋದು ಒಂದೇ ಸಲ ಅನ್ನುವ ಪೂರ್ತಿ ಮಾತನ್ನು ಇಂಗ್ಲಿಷ್‌ನವರು ಅದಕ್ಕೂ ಎಷ್ಟೋ ಮೊದಲಿಂದ ಹೇಳುತ್ತಲೇ ಇದ್ದರು.