ಒತ್ತಕ್ಷರದ ಮುಂದೆ ನಿಂತುಬಿಡುವ ಮಗುವಿಗೆ ಮನೆಯಲ್ಲಿ ಓದು ಕಲಿಸುವುದು ಹೇಗೆ?

ಕೇಳಿದ ಕಥೆಯನ್ನು ಚಾಚೂ ತಪ್ಪದೆ ಹೇಳುವ, ಅಂಗಡಿಯ ಚಿಲ್ಲರೆ ಲೆಕ್ಕವನ್ನು ಬಾಯಲ್ಲೇ ಮುಗಿಸುವ ಮಗು ಮೂರನೆಯ ತರಗತಿಗೆ ಬಂದ ಮೇಲೂ ಕನ್ನಡ ಪಾಠದ ಎರಡು ಸಾಲು ಓದಲು ತಡವರಿಸುತ್ತಿದ್ದರೆ, ಸೋಮಾರಿತನವೆಂದು ಗದರುವ ಮುನ್ನ ಅದಕ್ಕೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರಗಳನ್ನು ಧ್ವನಿಯೊಂದಿಗೆ ಜೋಡಿಸಿ ಓದುವುದರಲ್ಲಿನ ತೊಡಕು, ಇರಬಹುದೇ ಎಂದು ಯೋಚಿಸಬೇಕು. ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಈ ತೊಂದರೆ ಬುದ್ಧಿ ಕಡಿಮೆ ಎಂಬುದರ ಗುರುತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ಇಂತಹ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ.

ಮೊದಲ ಕೆಲಸ ಗಮನಿಸುವುದು. ಹದಿನೈದು ದಿನ ಮಗು ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ಅದರ ಎದುರಿಗಲ್ಲದೆ ಒಂದು ಪುಸ್ತಕದಲ್ಲಿ ಬರೆದಿಡಿ: ದೀರ್ಘ ಬಿಡುತ್ತದೆಯೇ, ಒತ್ತಕ್ಷರ ನುಂಗುತ್ತದೆಯೇ, ಮೊದಲ ಅಕ್ಷರ ನೋಡಿ ಉಳಿದ ಪದವನ್ನು ಊಹಿಸುತ್ತದೆಯೇ? ಜೊತೆಗೆ ಕಣ್ಣು, ಕಿವಿಗಳ ತಪಾಸಣೆ ಮಾಡಿಸಿ, ಆ ಪುಸ್ತಕದೊಂದಿಗೆ ತಜ್ಞರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಡಿಸ್ಲೆಕ್ಸಿಯಾ ಪರೀಕ್ಷೆಗೆ ವ್ಯವಸ್ಥೆಯಿದೆ. ಕಲಿಕಾ ನ್ಯೂನತೆಯಿದೆ ಎಂಬ ಪ್ರಮಾಣಪತ್ರ ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಸಿಗುತ್ತದೆ. ಕಲಿಸಲು ಅಷ್ಟು ದಿನ ಕಾಯಬೇಕಾಗಿಲ್ಲ.

ಕಲಿಸುವಾಗ ನಮ್ಮ ಲಿಪಿಯ ಸ್ವಭಾವವನ್ನು ಮರೆಯಬಾರದು. ಕನ್ನಡವನ್ನು ನುಡಿದಂತೆ ಬರೆಯುತ್ತೇವೆ ಎಂದು ಹೆಮ್ಮೆಪಡುತ್ತೇವೆ, ನಿಜ. ಆದರೆ 34 ವ್ಯಂಜನಗಳಿಗೆ ಸ್ವರಗಳು ಸೇರಿದರೆ ಗುಣಿತಾಕ್ಷರಗಳೇ ನಾನೂರು ದಾಟುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ. ‘ಶಕ್ತಿ’ ಎಂಬ ಪದವನ್ನೇ ನೋಡಿ. ಕಣ್ಣಿಗೆ ಕಾಣುವುದು ‘ಕಿ’, ಅದರ ಕೆಳಗೆ ತಕಾರದ ಒತ್ತು. ನಾಲಿಗೆ ನುಡಿಯುವುದು ಮಾತ್ರ ಕ್, ತ್, ಇ ಎಂಬ ಕ್ರಮದಲ್ಲಿ. ಗುಡಿಸು ಮೇಲಿನ ಅಕ್ಷರಕ್ಕಿದ್ದರೂ ಅದರ ಉಚ್ಚಾರ ಒತ್ತಿನ ನಂತರ ಬರುತ್ತದೆ. ಅರ್ಕಾವತ್ತಿನಲ್ಲಿ ಇನ್ನೊಂದು ತಿರುವು: ‘ಸೂರ್ಯ’ವನ್ನು ಅರ್ಕಾವತ್ತಿನಿಂದ ಬರೆದಾಗ ರಕಾರದ ಗುರುತು ಯಕಾರದ ಬಲಕ್ಕಿರುತ್ತದೆ, ಆದರೆ ಓದುವಾಗ ಮೊದಲು ಬರಬೇಕಾದದ್ದು ರಕಾರವೇ. ದೊಡ್ಡವರಿಗೆ ಅರಿವಿಗೇ ಬಾರದ ಈ ಹಿಂದುಮುಂದು ಡಿಸ್ಲೆಕ್ಸಿಯಾ ಇರುವ ಮಗುವಿಗೆ ಪ್ರತಿ ಸಾಲಿನಲ್ಲೂ ಎದುರಾಗುತ್ತದೆ.

ಆದ್ದರಿಂದ ದಿನಕ್ಕೆ ಒಂದೇ ಒತ್ತಕ್ಷರ ಸಾಕು, ಹತ್ತು ಹದಿನೈದು ನಿಮಿಷ ಸಾಕು. ಮೊದಲು ಪುಸ್ತಕ ಮುಚ್ಚಿಟ್ಟು ಪದವನ್ನು ಬಾಯಲ್ಲಿ ಹೇಳಿಸಿ, ಶ–ಕ್ತಿ ಎಂದು ಚಪ್ಪಾಳೆ ತಟ್ಟಿ ಬಿಡಿಸಿ. ಆಮೇಲೆ ಮೂಲಾಕ್ಷರ, ಒತ್ತು, ಸ್ವರಚಿಹ್ನೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಬರೆದು ತೋರಿಸಿ, ಅಕ್ಷರಾಭ್ಯಾಸದ ದಿನ ಮಾಡಿಸಿದಂತೆ ತಟ್ಟೆಯ ಅಕ್ಕಿಯ ಮೇಲೆ ಬೆರಳಿನಿಂದ ತಿದ್ದಿಸಿ. ತಿದ್ದುವಾಗ ಧ್ವನಿಯನ್ನು ಗಟ್ಟಿಯಾಗಿ ಹೇಳಲಿ. ಕೊನೆಗೆ ಅದೇ ಒತ್ತಿರುವ ಮೂರು ನಾಲ್ಕು ಪದಗಳನ್ನು ಓದಿಸಿ, ಮರುದಿನ ಹಳೆಯದನ್ನು ಕೇಳಿಯೇ ಹೊಸದಕ್ಕೆ ಹೋಗಿ. ತಪ್ಪಿದ ಪದವನ್ನು ಇಪ್ಪತ್ತು ಸಲ ಬರೆಸುವ ಪದ್ಧತಿಯನ್ನು ಬಿಟ್ಟುಬಿಡಿ. ಅದರಿಂದ ಕೈ ದಣಿಯುತ್ತದೆಯೇ ಹೊರತು ಓದು ಬರುವುದಿಲ್ಲ.

ಒಂದೊಂದೇ ಅಕ್ಷರವನ್ನು ಬಿಡಿಸುವುದರಲ್ಲೇ ಗಮನವೆಲ್ಲ ಮುಗಿದುಹೋದರೆ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ಆರಂಭ ಮರೆತಿರುತ್ತದೆ. ಹಾಗಾಗಿ ವಿಜ್ಞಾನ, ಸಮಾಜದ ಪಾಠಗಳನ್ನು ನೀವೇ ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಕೇಳಿ.

ಇನ್ನು ಮನಸ್ಸಿನ ವಿಷಯ. ಶಾಲೆಯಿರುವ ದಿನ ಮಾತ್ರ ಬರುವ ಹೊಟ್ಟೆನೋವು, ಪುಸ್ತಕ ತೆಗೆದೊಡನೆ ಸಿಟ್ಟು, ‘ನಾನು ದಡ್ಡ’ ಎಂಬ ಮಾತು, ಇವು ಬಹಳ ಸಲ ಓದಿನ ಸೋಲು ಮತ್ತು ನಾಚಿಕೆಯಿಂದ ಹುಟ್ಟಿದವು. ಒಡಹುಟ್ಟಿದವರೊಂದಿಗೆ ಹೋಲಿಸುವುದನ್ನು ಅಜ್ಜಿ ತಾತಂದಿರೂ ನಿಲ್ಲಿಸುವಂತೆ ನೋಡಿಕೊಳ್ಳಿ. ಗಮನ ನಿಲ್ಲದ ಚಂಚಲತೆಯ ತೊಂದರೆ, ಅಂದರೆ ಎಡಿಎಚ್‌ಡಿ, ಅನೇಕ ಮಕ್ಕಳಲ್ಲಿ ಜೊತೆಗೇ ಇರುವುದರಿಂದ ಅದನ್ನೂ ಪರೀಕ್ಷಿಸಲು ಕೇಳಿ. ಊಟ, ನಿದ್ದೆ ಕೆಟ್ಟು ಎರಡು ವಾರ ಕಳೆದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಬದುಕುವುದೇ ಬೇಡ ಎಂಬಂಥ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಪ್ರಮಾಣಪತ್ರದ ಪ್ರತಿಯನ್ನು ಶಾಲೆಗೆ ಕೊಟ್ಟು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿಗಳಿಗೆ ಮುಖ್ಯೋಪಾಧ್ಯಾಯರ ಮೂಲಕ ಮೊದಲೇ ಅರ್ಜಿ ಹಾಕಿ. ತರಗತಿಯ ಶಿಕ್ಷಕರಲ್ಲಿ ಕೇಳಬೇಕಾದದ್ದು ಇನ್ನೂ ಸಣ್ಣದು: ಮಗುವನ್ನು ಹಠಾತ್ತನೆ ಎಬ್ಬಿಸಿ ನಿಲ್ಲಿಸಿ ಓದಿಸಬಾರದು, ಓದಿಸಲೇಬೇಕಾದರೆ ಯಾವ ಪುಟ ಎಂಬುದನ್ನು ಹಿಂದಿನ ದಿನವೇ ತಿಳಿಸಬೇಕು.