ಘಟ್ಟದ ಮೇಲೆ ಕುಳಿತು ಡಿಜಿಟಲ್ ನೀತಿ ಕಲಿಸಿದ್ದು

ಡಿಜಿಟಲ್ ಹಕ್ಕು, ತಂತ್ರಜ್ಞಾನ ನೀತಿ ಇವನ್ನೆಲ್ಲ ಕಲಿಸುವುದಿದ್ದರೆ ಬೆಂಗಳೂರಿನಲ್ಲಿ ಕಲಿಸಬೇಕು, ಇಲ್ಲವಾದರೆ ದೆಹಲಿಗೆ ಹೋಗಬೇಕು, ಸಿರಸಿಯಲ್ಲಿ ಯಾರು ಬರುತ್ತಾರೆ ಎಂದು ನನ್ನ ಹಳೆಯ ಸಹೋದ್ಯೋಗಿಗಳು ನಕ್ಕಿದ್ದರು. ಆದರೂ ಇಲ್ಲಿಯೇ ಭಾನುವಾರದ ತರಬೇತಿ ಶುರು ಮಾಡಿದೆ, ಈಗ ನಾಲ್ಕೈದು ತಂಡಗಳು ಮುಗಿದಿವೆ. ಒಟ್ಟು ಅರವತ್ತರ ಆಸುಪಾಸು ಜನ. ಅವರಲ್ಲಿ ಮುಕ್ಕಾಲು ಪಾಲು ಮಂದಿ ಸರ್ಕಾರ ಜನರ ಸಲಹೆಗೆ ಬಿಟ್ಟ ಯಾವುದಾದರೂ ಒಂದು ಕರಡು ಕಾನೂನಿಗೆ ತಮ್ಮ ಹೆಸರಿನಲ್ಲಿಯೇ ಲಿಖಿತ ಸಲಹೆ ಕಳುಹಿಸಿದ್ದಾರೆ. ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ಪಠ್ಯಕ್ರಮ ಕಳುಹಿಸಿ ಎನ್ನುತ್ತಿದ್ದಾರೆ. ಪಠ್ಯಕ್ರಮ ಎಂಬುದೇ ಇಲ್ಲ ಎಂದರೆ ನಂಬುತ್ತಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷ ಬೆಂಗಳೂರಿನ ಒಂದು ನೀತಿ ಸಂಶೋಧನಾ ಸಂಸ್ಥೆಯಲ್ಲಿ ದುಡಿದು ಕೋವಿಡ್ ಹೊತ್ತಿಗೆ ಊರಿಗೆ ಮರಳಿದವರಲ್ಲಿ ನಾನೂ ಒಬ್ಬ. ಅಡಿಕೆ ತೋಟವಿದೆ, ಕೊಳೆರೋಗದ ವರ್ಷ ಬಿಟ್ಟರೆ ಊಟಕ್ಕೆ ತೊಂದರೆಯಿಲ್ಲ. ಆಗ ಲ್ಯಾಪ್‌ಟಾಪ್ ಹಿಡಿದು ಅಂಗಳದ ಮೂಲೆಯಲ್ಲಿ ಸಿಗ್ನಲ್ ಹುಡುಕುವ ಎಂಜಿನಿಯರುಗಳು ಊರಿಗೆ ಹತ್ತು ಜನ ಸಿಗುತ್ತಿದ್ದರು. ಕುಮಟಾ, ಹೊನ್ನಾವರ ಕೋರ್ಟುಗಳ ಕಿರಿಯ ವಕೀಲರು, ಕಾರವಾರ, ಅಂಕೋಲೆಯ ವರದಿಗಾರರು, ಲೆಕ್ಕಪರಿಶೋಧಕರ ಕಚೇರಿಯ ಹುಡುಗರು ಬೇರೆ. ಬುದ್ಧಿಗೆ ಬರವಿರಲಿಲ್ಲ, ಬಿಡುವಿಗೂ ಇರಲಿಲ್ಲ.

ಮೊದಲ ತಂಡವನ್ನು ಎಲ್ಲರೂ ನಡೆಸುವ ರೀತಿಯಲ್ಲಿಯೇ ನಡೆಸಿದೆ. ಕ್ರಮ ನಿಮಗೆ ಗೊತ್ತಿರುವುದೇ. ಮೊದಲ ವಾರ ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪು, ಮುಂದಿನ ವಾರ ಆನ್‌ಲೈನ್ ಬರಹಕ್ಕೆ ಶಿಕ್ಷೆ ವಿಧಿಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮು ರದ್ದು ಮಾಡಿದ 2015ರ ಶ್ರೇಯಾ ಸಿಂಘಾಲ್ ಪ್ರಕರಣ, ಆಮೇಲೆ ಇಂಟರ್‌ನೆಟ್ ಸ್ಥಗಿತದ ಆದೇಶಗಳನ್ನು ಪ್ರಕಟಿಸಲೇಬೇಕು ಎಂದ 2020ರ ಅನುರಾಧಾ ಭಸೀನ್ ತೀರ್ಪು. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು ಎಂದಾಗ ಮಾತ್ರ ಎರಡು ತಲೆ ಮೇಲೆದ್ದವು. ಮೂರನೆಯ ವಾರಕ್ಕೆ ಅರ್ಧ ಕುರ್ಚಿ ಖಾಲಿ. ದೆಹಲಿಯ ಒಬ್ಬ ಪರಿಣತರು ವಿಡಿಯೊ ಮೂಲಕ ಪಾಠ ಹೇಳುವವರಿದ್ದರು. ಜೂನ್ ತಿಂಗಳು, ಮರ ಬಿದ್ದು ಕರೆಂಟು ಹೋಯಿತು, ಇನ್ವರ್ಟರ್ ಅರ್ಧ ಗಂಟೆ ತಡೆಯಿತು. ಪರದೆಯ ಮೇಲೆ ಅವರ ಬಾಯಿ ತೆರೆದು ನಿಂತ ಚಿತ್ರವೊಂದೇ ಉಳಿದಿತ್ತು. ಅವರ ಗೌರವಧನವನ್ನು ಮೊದಲೇ ಕೊಟ್ಟಾಗಿತ್ತು.

ಹಣದ ವಿಷಯ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಮೊದಲ ವರ್ಷ ಒಂದು ಪ್ರತಿಷ್ಠಾನ ಒಂದೂವರೆ ಲಕ್ಷದಷ್ಟು ಕೊಟ್ಟಿತ್ತು. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಹೊರಗಿನಿಂದ ಬಂದವರ ಪ್ರಯಾಣ, ವಸತಿಗೆ ಹೋಯಿತು. ಇನ್ನೊಂದಿಷ್ಟು ಬ್ಯಾನರ್, ಚೀಲ, ಪೆನ್ನಿಗೆ. ಬ್ಯಾನರ್ ಇಲ್ಲದ ಫೋಟೊವನ್ನು ಅವರು ಒಪ್ಪುತ್ತಿರಲಿಲ್ಲ. ವರದಿ ಇಂಗ್ಲಿಷಿನಲ್ಲಿ, ಮೂರು ತಿಂಗಳಿಗೊಮ್ಮೆ. ಎರಡನೆಯ ವರ್ಷ ಅವರ ಆದ್ಯತೆ ಬದಲಾಯಿತಂತೆ, ಹಣ ನಿಂತಿತು. ನಿಂತದ್ದೇ ಒಳ್ಳೆಯದಾಯಿತು. ಈಗ ಒಂದು ತಂಡಕ್ಕೆ ನಲವತ್ತು ನಲವತ್ತೈದು ಸಾವಿರದೊಳಗೆ ಮುಗಿಸುತ್ತೇನೆ: ಸಭಾಂಗಣದ ಬಾಡಿಗೆ, ಎಂಟು ಭಾನುವಾರದ ಊಟ, ಜೆರಾಕ್ಸ್, ಕರಾವಳಿಯಿಂದ ಘಟ್ಟ ಹತ್ತಿ ಬರುವವರಿಗೆ ಬಸ್ ಚಾರ್ಜು. ಊಟ ಮಾತ್ರ ಬಿಗಿ ಹಿಡಿಯಬಾರದು. ಅಪ್ಪೆಹುಳಿ ಇದ್ದ ದಿನ ಮಧ್ಯಾಹ್ನದ ನಂತರವೂ ಹಾಜರಾತಿ ಇಳಿಯುವುದಿಲ್ಲ, ಇದು ನಾನು ಗಮನಿಸಿ ನೋಡಿದ ಸಂಗತಿ.

ಹಣ ಬರುವುದು ಠೇವಣಿಯಿಂದ. ಸೇರುವಾಗ ಪ್ರತಿಯೊಬ್ಬರೂ ಮೂರು ಸಾವಿರ ಕಟ್ಟಬೇಕು. ನಿಜವಾದ ಕರಡಿಗೆ, ನಿಜವಾದ ಕೊನೆಯ ದಿನಾಂಕದೊಳಗೆ ಸಲಹೆ ಸಲ್ಲಿಸಿ ಸ್ವೀಕೃತಿ ತೋರಿಸಿದರೆ ಎರಡು ಸಾವಿರ ವಾಪಸ್. ಉಳಿದ ಸಾವಿರ, ಜೊತೆಗೆ ಸಲ್ಲಿಸದವರ ಪೂರ್ತಿ ಮೊತ್ತ, ತಂಡದ ಖರ್ಚಿಗೆ. ಕಡಿಮೆ ಬಿದ್ದದ್ದನ್ನು ಊರಿನ ಮೂರ್ನಾಲ್ಕು ಜನ ತುಂಬುತ್ತಾರೆ. ಯುವಜನರಿಂದ ದುಡ್ಡು ವಸೂಲಿ ಮಾಡುವುದೇ, ಗೌರವಧನ ಕೊಟ್ಟು ಕರೆಯಬೇಕಲ್ಲವೇ ಎಂದು ಬೆಂಗಳೂರಿನವರು ಮುಖ ಸಿಂಡರಿಸಿದರು. ಗೌರವಧನ ಕೊಟ್ಟ ವರ್ಷ ನನಗೆ ಬಂದ ಸಲಹಾ ಪತ್ರಗಳು ಎರಡೋ ಮೂರೋ. ಠೇವಣಿ ಇಟ್ಟ ವರ್ಷ ಕೊನೆಯ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಪೋರ್ಟಲ್ ತೆರೆಯುತ್ತಿಲ್ಲ ಎಂದು ಅಳುವಷ್ಟಾದವರು ಇದ್ದಾರೆ.

ಈಗ ಕಲಿಸುವ ಕ್ರಮ. ಉಪನ್ಯಾಸ ಇಲ್ಲ. ಸಲಹೆಗೆ ಇನ್ನೂ ತೆರೆದಿರುವ ಒಂದು ಜೀವಂತ ಕರಡು ಮೇಜಿನ ಮೇಲೆ ಬೀಳುತ್ತದೆ, ಪ್ರತಿಯೊಬ್ಬರಿಗೂ ಅದರ ಒಂದೊಂದು ಕಲಮು. ಆ ಕಲಮು ತಾಗುವ ಒಬ್ಬ ಮನುಷ್ಯನನ್ನು ಜಿಲ್ಲೆಯಲ್ಲಿ ಹುಡುಕಿ, ಅವರೆದುರು ಕುಳಿತು, ಕನ್ನಡದಲ್ಲಿ ಎರಡು ಪುಟ ಬರೆದು, ಅವರಿಗೇ ಓದಿ ಹೇಳಬೇಕು. ಅವರು ಎಲ್ಲಿ ತಡೆದರೋ ಅಲ್ಲಿ ಗೆರೆ ಎಳೆಯಬೇಕು. ತೀರ್ಪುಗಳು ಆಮೇಲೆ, ಬೇಕೆನಿಸಿದಾಗ ಬರುತ್ತವೆ. ಇಂಗ್ಲಿಷ್ ಪ್ರತಿ ಎಲ್ಲಕ್ಕಿಂತ ಕೊನೆಗೆ.

ಈ ಕ್ರಮ ಮೊದಲು ಕೈಗೆ ಹತ್ತಿದ್ದು ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಕುರಿತ ರಾಜ್ಯದ ಮಸೂದೆಯ ಕರಡು 2024ರ ಜೂನ್ ಕೊನೆಗೆ ಬಂದಾಗ. ಸಲಹೆಗೆ ಕೊಟ್ಟಿದ್ದ ಸಮಯ ಹತ್ತು ದಿನದಷ್ಟು. ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಕನಿಷ್ಠ ಮೂವತ್ತು ದಿನ ಎನ್ನುತ್ತದೆ, ಆದರೆ ಅದನ್ನು ಹಿಡಿದು ವಾದಿಸುತ್ತ ಕುಳಿತರೆ ಹತ್ತು ದಿನವೂ ಹೋಗುತ್ತದೆ. ಸಿರಸಿಯಲ್ಲಿ ಊಟ ತಲುಪಿಸುವ ಹುಡುಗರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬನ ಬೈಕಿನ ಹಿಂದೆ ಕುಳಿತೇ ನಮ್ಮ ವಕೀಲೆಯೊಬ್ಬರು ಟಿಪ್ಪಣಿ ಮಾಡಿಕೊಂಡರು. ಕೆಲಸದಿಂದ ತೆಗೆಯುವ ಮೊದಲು ಹದಿನಾಲ್ಕು ದಿನದ ನೋಟಿಸ್ ಎಂದು ಕರಡಿನಲ್ಲಿತ್ತು. ಆ ಹುಡುಗ ಕೇಳಿದ್ದು ಬೇರೆ: ತೆಗೆಯುವುದಿಲ್ಲ, ಆರ್ಡರ್ ಕೊಡುವುದನ್ನು ನಿಲ್ಲಿಸುತ್ತಾರೆ, ಅದಕ್ಕೆ ಎಷ್ಟು ದಿನದ ನೋಟಿಸ್? ಈ ಒಂದು ಪ್ರಶ್ನೆ ನಮ್ಮ ಸಲಹೆಯ ಮೊದಲ ಪ್ಯಾರಾ ಆಯಿತು. 2025ರಲ್ಲಿ ಆ ಮಸೂದೆ ಕಾಯ್ದೆಯೂ ಆಯಿತು. ನಮ್ಮಿಂದ ಆಯಿತು ಎಂದು ಹೇಳುವಷ್ಟು ಮರುಳು ನಾನಲ್ಲ.

ನಿಜವಾದ ಪರೀಕ್ಷೆ ಕೇಂದ್ರದ ದತ್ತಾಂಶ ನಿಯಮಗಳದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದರೂ ಕರಡು ನಿಯಮಗಳು ಹೊರಬಿದ್ದದ್ದು 2025ರ ಜನವರಿ 3ಕ್ಕೆ. ಮೊದಲು ಫೆಬ್ರವರಿ 18ರವರೆಗೆ ಸಮಯ, ಆಮೇಲೆ ಮಾರ್ಚ್ 5ರವರೆಗೆ ವಿಸ್ತರಣೆ. ಅಡಿಕೆ ಕೆಲಸದ ಗಡಿಬಿಡಿಯ ಕಾಲ, ಆದರೂ ಹದಿನೈದಕ್ಕೂ ಹೆಚ್ಚು ಜನ ಬಂದರು. ಯಂತ್ರಾನುವಾದದ ಪ್ರಯೋಗ ಮಾಡಿದೆವು, ಓದಲು ಬಾರದ ಕನ್ನಡ ಹೊರಬಂತು, ಎರಡು ಭಾನುವಾರ ಹಾಳು. ಕೊನೆಗೆ ಕಲಮುಗಳನ್ನು ಹಂಚಿಕೊಂಡು ಕೈಯಿಂದಲೇ ಕನ್ನಡಕ್ಕೆ ತಂದೆವು.

ಆಗ ಕಾರವಾರದ ಹುಡುಗಿಯೊಬ್ಬಳು ಎತ್ತಿದ ಪ್ರಶ್ನೆ ನನಗೆ ಇಂದಿಗೂ ಇಷ್ಟ. ಸಮ್ಮತಿ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಕೊಂಕಣಿ ಅದರಲ್ಲಿದೆ. ಆದರೆ ಯಾವ ಲಿಪಿಯಲ್ಲಿ? ಕಾಯ್ದೆಯಲ್ಲಿ ಲಿಪಿಯ ಮಾತೇ ಇಲ್ಲ. ಅವಳ ಅಜ್ಜಿ ಕೊಂಕಣಿ ಆಡುತ್ತಾರೆ, ಓದುವುದು ಕನ್ನಡ ಲಿಪಿ, ಗೋವಾದ ಸೊಸೆಗೆ ದೇವನಾಗರಿ. ಒಂದೇ ಮನೆಗೆ ಎರಡು ನೋಟಿಸ್. ಇದನ್ನು ಅವಳು ಒಂದೂವರೆ ಪುಟದಲ್ಲಿ ಬರೆದು ಕಳುಹಿಸಿದಳು. ಬೆಂಗಳೂರಿನ ಕೊಠಡಿಯಲ್ಲಿ ಕುಳಿತ ಯಾರಿಗೂ ಇದು ಹೊಳೆಯುತ್ತಿರಲಿಲ್ಲ, ಆ ಮಾತನ್ನು ನಾನು ಹೋದಲ್ಲೆಲ್ಲ ಹೇಳಿ ಬೀಗುತ್ತೇನೆ.

ನಿಯಮಗಳು 2025ರ ನವೆಂಬರ್ 14ಕ್ಕೆ ಅಧಿಸೂಚನೆಯಾಗಿ ಬಂದಾಗ ಎಲ್ಲರೂ ತಮ್ಮ ಕಲಮನ್ನೇ ಮೊದಲು ಹುಡುಕಿದರು. ಬಂದ ಸಲಹೆಗಳನ್ನು ಯಾರಿಗೂ ಬಹಿರಂಗಪಡಿಸುವುದಿಲ್ಲ ಎಂದು ಕರಡಿನ ಜೊತೆಗೇ ಹೇಳಲಾಗಿತ್ತು. ಹಾಗಾಗಿ ಯಾರ ಮಾತು ಎಲ್ಲಿ ಸೇರಿತು ಎಂದು ತೋರಿಸಲು ಬರುವುದಿಲ್ಲ. ಇದು ದೇಣಿಗೆದಾರರಿಗೆ ಅರ್ಥವಾಗದ ಸಂಗತಿ, ಅವರಿಗೆ ಫಲಿತಾಂಶದ ಕೋಷ್ಟಕ ಬೇಕು. ಅದೇ ದಿನಗಳಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ತಿದ್ದುಪಡಿಯೂ ಜಾರಿಗೆ ಬಂತು. ವೈಯಕ್ತಿಕ ಮಾಹಿತಿ ಎಂದರೆ ಸಾಕು, ಕೊಡದೆ ಇರಬಹುದು. ಆ ಉಪಕಲಮಿನಲ್ಲಿದ್ದ ಸಾರ್ವಜನಿಕ ಹಿತದ ಮಾತು ಹೋಯಿತು, ಸಾರ್ವಜನಿಕ ಹಿತವೇ ಹೆಚ್ಚೆಂದಾದರೆ ಕೊಡಬಹುದು ಎನ್ನುವ 8(2)ರ ಬಾಗಿಲೊಂದೇ ಉಳಿಯಿತು. ಅಂಕೋಲೆಯ ನಮ್ಮ ವರದಿಗಾರ ಅಲ್ಲಿಯವರೆಗೆ ಹಿಂದಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತಿದ್ದವನು. ತನ್ನ ಹೊಟ್ಟೆಪಾಡಿಗೇ ಕೈ ಹಾಕಿದ್ದಾರೆ ಎಂದು ತಿಳಿದ ಮೇಲೆ ಆ ತಂಡದಲ್ಲಿ ಅವನಷ್ಟು ಓದಿದವರು ಬೇರೆ ಇಲ್ಲ.

ಬರವಣಿಗೆ ಕಲಿಸಲು ನನಗೆ ಸಿಕ್ಕ ಅತ್ಯುತ್ತಮ ಮೇಷ್ಟ್ರು ಕರ್ನಾಟಕದ ಮಾಹಿತಿ ಹಕ್ಕು ನಿಯಮ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ ಹತ್ತು ರೂಪಾಯಿ. ಈ ಪದಮಿತಿಯನ್ನು ಮಾಹಿತಿ ಹಕ್ಕಿನವರೆಲ್ಲ ಬೈಯುತ್ತಾರೆ, ನಾನೂ ಬೈಯುತ್ತೇನೆ, ಆದರೆ ಮೊದಲ ಭಾನುವಾರ ಎಲ್ಲರಿಂದ ಇದನ್ನೇ ಬರೆಸುತ್ತೇನೆ. ನಾಲ್ಕು ನೂರು ಪದ ತಂದವರು ನೂರೈವತ್ತಕ್ಕೆ ಇಳಿಸುವಷ್ಟರಲ್ಲಿ ತಮಗೆ ಬೇಕಾದದ್ದು ಏನೆಂದು ಕಂಡುಕೊಳ್ಳುತ್ತಾರೆ.

ನಡುವೆ ತಾಳಮದ್ದಲೆಯ ಪ್ರಯೋಗವೂ ಆಯಿತು. ನಮ್ಮ ಕಡೆಯ ಹುಡುಗರಿಗೆ ಅರ್ಥ ಹೇಳುವುದು ರಕ್ತದಲ್ಲಿದೆಯಲ್ಲ, ಒಬ್ಬ ಸಚಿವಾಲಯ, ಇನ್ನೊಬ್ಬ ನಾಗರಿಕ, ಭಾಗವತರ ಜಾಗದಲ್ಲಿ ನಾನು ಕಲಮು ಓದುವುದು. ಜನ ಸೇರಿದರು, ಚಪ್ಪಾಳೆ ಬಿತ್ತು, ಸಿದ್ದಾಪುರದಿಂದ ಹಿರಿಯ ಅರ್ಥಧಾರಿಯೊಬ್ಬರು ಬಂದು ಕುಳಿತು ಮೆಚ್ಚಿಕೊಂಡರು. ಆದರೆ ಸೊಗಸಾಗಿ ವಾದಿಸಿದವರೇ ಬರೆಯುವಾಗ ಎಡವಿದರು. ಮಾತು ಮುಗಿದರೆ ಕೆಲಸ ಮುಗಿಯಿತು ಎಂಬ ಸಮಾಧಾನ ಬಂದುಬಿಡುತ್ತದೆ. ಈಗ ಅದನ್ನು ಕೊನೆಯ ದಿನದ ಊಟದ ಮೇಲೆ ಇಟ್ಟುಕೊಂಡಿದ್ದೇನೆ.

ಕರಾವಳಿಯ ತಂಡವನ್ನು ಜೂನ್, ಜುಲೈ ತಿಂಗಳಲ್ಲಿ ನಡೆಸುತ್ತೇವೆ. ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ, ಬೋಟುಗಳು ದಡದಲ್ಲಿ, ಮಾತನಾಡಲು ಜನ ಸಿಗುತ್ತಾರೆ. ದೋಣಿ ಎಲ್ಲಿದೆ ಎಂದು ಉಪಗ್ರಹದ ಮೂಲಕ ತಿಳಿಸುವ, ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರುಗಳನ್ನು ದೇಶದ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಚಿತವಾಗಿ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿತ್ತು. ಸುಮಾರು 364 ಕೋಟಿಯದು. ಇದಕ್ಕೆ ಸಲಹೆ ಕೇಳುವ ಕರಡು ನಮ್ಮ ಮುಂದಿರಲಿಲ್ಲ. ನಾವೇ ಅದನ್ನು ಅಭ್ಯಾಸಕ್ಕೆ ಎತ್ತಿಕೊಂಡೆವು. ತಂಡದ ಎಂಜಿನಿಯರ್ ಬರೆದು ತಂದದ್ದು ಕಣ್ಗಾವಲು, ಸಮ್ಮತಿ ಎಂದು ನಾಲ್ಕು ಪುಟ. ಹೊನ್ನಾವರದ ವಕೀಲೆ ದತ್ತಾಂಶ ಕಾಯ್ದೆಯ ಏಳನೆಯ ಕಲಮು ತೆಗೆದು ತೋರಿಸಿದರು: ಸರ್ಕಾರ ಸಹಾಯಧನ, ಸೌಲಭ್ಯ ಕೊಡುವಾಗ ಹಲವು ಸಂದರ್ಭಗಳಲ್ಲಿ ಹೊಸದಾಗಿ ಸಮ್ಮತಿ ಕೇಳಬೇಕಾಗಿಲ್ಲ. ನಾಲ್ಕು ಪುಟದ ವಾದ ಅಲ್ಲಿಗೆ ಕುಸಿಯಿತು.

ಇಬ್ಬರನ್ನೂ ಕಾರವಾರದ ಬೈತಖೋಲ ಬಂದರಿಗೆ ಕಳುಹಿಸಿದೆ. ಬಲೆ ಹೆಣೆಯುತ್ತಿದ್ದ ಒಬ್ಬ ಹಿರಿಯ ತಾಂಡೇಲರು, ಅಂದರೆ ಬೋಟು ನಡೆಸುವವರು, ಪೂರ್ತಿ ಕೇಳಿಸಿಕೊಂಡರಂತೆ. ಗಾಳಿ ಎದ್ದಾಗ, ಎಂಜಿನ್ ಕೆಟ್ಟಾಗ ಆ ಪೆಟ್ಟಿಗೆ ಜೀವ ಉಳಿಸುತ್ತದೆ, ಬೇಡ ಎನ್ನುವವನು ಮೂರ್ಖ ಎಂದರಂತೆ. ಆಮೇಲೆ ವಕೀಲೆಯ ಕಡೆ ತಿರುಗಿ, “ತಂಗೀ, ಮೀನು ಬಿದ್ದ ಜಾಗವನ್ನು ನಾನು ಸ್ವಂತ ಭಾವನಿಗೂ ಹೇಳುವುದಿಲ್ಲ. ಈ ಪೆಟ್ಟಿಗೆ ಯಾರಿಗೆ ಹೇಳುತ್ತದೆ, ಎಷ್ಟು ದಿನ ನೆನಪಿಟ್ಟುಕೊಳ್ಳುತ್ತದೆ, ಅಷ್ಟು ಕೇಳಿ ಬಾ” ಎಂದರಂತೆ. ನಾಲ್ಕು ಪುಟದಲ್ಲಿ ಇಲ್ಲದ ಎರಡು ಪ್ರಶ್ನೆಗಳು. ಬಸ್ಸಿನಲ್ಲಿಯೇ ನೂರೈವತ್ತು ಪದದ ಅರ್ಜಿ ತಯಾರಾಯಿತು. ಸಂಬಂಧಪಟ್ಟ ಕಚೇರಿಯಿಂದ ಅರ್ಧ ಉತ್ತರ ಬಂದಿದೆ, ಉಳಿದ ಅರ್ಧಕ್ಕೆ ಮೇಲ್ಮನವಿ ನಡೆಯುತ್ತಿದೆ.

ಇಂಥ ತಾಂಡೇಲರನ್ನು ಹುಡುಕುವುದು ಹೇಗೆ ಎಂದು ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ, ಅದಕ್ಕೆ ನನಗೆ ವರ್ಷಗಳೇ ಹಿಡಿದಿವೆ. ಸಂದರ್ಶನದಲ್ಲಿ ನಾನು ಕೇಳುವ ಒಂದೇ ಪ್ರಶ್ನೆಯನ್ನೂ ಹೇಳುವುದಿಲ್ಲ, ಮುಂದಿನ ತಂಡಕ್ಕೆ ಅರ್ಜಿ ಹಾಕುವವರು ಇದನ್ನು ಓದುತ್ತಿರುತ್ತಾರೆ. ಇಷ್ಟು ಹೇಳಬಲ್ಲೆ: ಅಂಕಪಟ್ಟಿ ನೋಡುವುದಿಲ್ಲ, ಭಾಷಣ ಸ್ಪರ್ಧೆಯ ಬಹುಮಾನಗಳನ್ನಂತೂ ನೋಡುವುದೇ ಇಲ್ಲ.

ಈಗ ಹೊಸ ಆದಾಯದ ದಾರಿ ಒಂದು ತೆರೆದಿದೆ. ದತ್ತಾಂಶ ಕಾಯ್ದೆಯ ಮುಖ್ಯ ಕಲಮುಗಳು ಅಧಿಸೂಚನೆಯಿಂದ ಹದಿನೆಂಟು ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ, ಜಾರಿಗೆ ಬರುತ್ತವೆ. ದಂಡ 250 ಕೋಟಿಯವರೆಗೆ ಎಂದು ಪತ್ರಿಕೆಯಲ್ಲಿ ಓದಿ ಹೆದರಿದ ಇಲ್ಲಿಯ ಒಂದು ಸಹಕಾರಿ ಸಂಘ ತನ್ನ ಸದಸ್ಯರಿಗೆ ಕನ್ನಡದಲ್ಲಿ ನೋಟಿಸ್ ಬರೆದುಕೊಡಿ ಎಂದು ನಮ್ಮ ಹಳೆಯ ತಂಡದ ಮೂವರನ್ನು ಕರೆಯಿತು. ಎಂಟು ಸಾವಿರದಷ್ಟು ಕೊಟ್ಟರು. ಕಾಲು ಭಾಗ ತರಬೇತಿಯ ಖಾತೆಗೆ ಹಾಕಬೇಕೆಂಬುದು ನಮ್ಮ ಒಪ್ಪಂದ. ಆಮೇಲೆ ಒಂದು ಆಸ್ಪತ್ರೆ, ಎರಡು ಟ್ಯೂಷನ್ ಕ್ಲಾಸುಗಳು ವಿಚಾರಿಸಿವೆ. ಹದಿನೆಂಟು ವರ್ಷದೊಳಗಿನವರಿಗೆ ಪಾಲಕರ ಸಮ್ಮತಿ ಬೇಕೆಂಬುದು ಟ್ಯೂಷನ್‌ನವರಿಗೆ ಈಗಷ್ಟೇ ಗೊತ್ತಾಗಿದೆ.

ಮುಂದಿನ ತಂಡ ಕುಮಟಾದಲ್ಲಿ, ಅಡಿಕೆ ಕೆಲಸ ಮುಗಿದ ಮೇಲೆ. ಠೇವಣಿ ನಾಲ್ಕು ಸಾವಿರಕ್ಕೆ ಏರಿಸಿದ್ದೇನೆ. ಆನ್‌ಲೈನ್‌ನಲ್ಲಿ ಸೇರಬಹುದೇ ಎಂದು ಕೇಳಿ ಯಾರೂ ಬರೆಯಬೇಡಿ, ಬಸ್ ಹತ್ತಿ ಬನ್ನಿ.